ಮಕ್ಕಳಿಗೆ 'ತಕ್ಕದ್ದು', ಸರ್ಕಾರಕ್ಕೆ 'ಬಹುದು'

ವರ್ಷಕ್ಕೆ ನಾಲ್ಕೈದು ಸಲವಾದರೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸುದ್ದಿ ಓಡಾಡುತ್ತೆ. ಅಪ್ಪ-ಅಮ್ಮನ್ನ ನೋಡಿಕೊಳ್ಳದ ಮಗನಿಗೆ ತಕ್ಕ ಶಾಸ್ತಿ, ಬರೆದುಕೊಟ್ಟ ಆಸ್ತಿ ವಾಪಸ್. ಕೆಳಗೆ ಸಾಲಾಗಿ ಚಪ್ಪಾಳೆ, "ಹಂಗೇ ಆಗ್ಬೇಕು ಇಂಥೋರಿಗೆ" ಅನ್ನೋ ಮಾತು. 2025ರಲ್ಲಿ ನಮ್ಮ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು, ಸರ್ಕಾರಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮಕ್ಕಳು ವಯಸ್ಸಾದವರನ್ನು ಬಿಟ್ಟು ಹೋಗುತ್ತಿದ್ದಾರೆ, ಅಂಥವರ ಮೇಲೆ ದೂರು ಕೊಡಿ, ಅವರ ಹೆಸರಿಗೆ ಹೋದ ಆಸ್ತಿ ರದ್ದಾಗಲಿ ಅಂತ ಅಧಿಕಾರಿಗಳಿಗೆ ಸೂಚಿಸಿದಾಗಲೂ ಇದೇ ಚಪ್ಪಾಳೆ.

ಸರಿ, ಆಸ್ತಿ ರದ್ದಾಯಿತು ಅಂತಿಟ್ಟುಕೊಳ್ಳಿ. ಆಮೇಲೆ ಆ ಆಸ್ಪತ್ರೆಯ ಹಾಸಿಗೆ ಮೇಲಿರೋ ಅಜ್ಜಿಯನ್ನು ಎಬ್ಬಿಸಿ ಕೂರಿಸೋರು ಯಾರು? ಡಿಸ್ಚಾರ್ಜ್ ಆದ ಮೇಲೆ ಆಕೆ ಹೋಗೋದು ಎಲ್ಲಿಗೆ? ಸ್ನಾನ ಮಾಡಿಸೋರು, ಗಂಜಿ ಕುಡಿಸೋರು, ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಕರೆದುಕೊಂಡು ಹೋಗೋರು ಯಾರು? ಆ ಸುದ್ದಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಯಾಕೆಂದರೆ ನಾವು ಹೆಮ್ಮೆಯಿಂದ ಫಾರ್ವರ್ಡ್ ಮಾಡುವ ಆ ಕಾನೂನಿನಲ್ಲೂ ಇದರ ಬಗ್ಗೆ ಹೆಚ್ಚೇನೂ ಇಲ್ಲ.

ನನ್ನ ತಕರಾರು ಇಷ್ಟೇ. ವಯಸ್ಸಾದವರ ಆರೈಕೆ ಅಂತ ನಮ್ಮ ದೇಶ ಮಾಡಿಕೊಂಡಿರುವ ಮುಖ್ಯ ಕಾನೂನು, ಆರೈಕೆಯ ಭಾರವನ್ನೆಲ್ಲ ಮಕ್ಕಳ ಹೆಗಲಿಗೆ ಹಾಕಿ ಸರ್ಕಾರ ಕೈತೊಳೆದುಕೊಳ್ಳಲು ಅನುಕೂಲ ಮಾಡಿಕೊಟ್ಟಿದೆ. ಮಕ್ಕಳನ್ನು ಬೈದುಕೊಂಡು ಖುಷಿಪಡುತ್ತಾ ನಾವು ಅದನ್ನು ಗಮನಿಸುವುದನ್ನೇ ಬಿಟ್ಟಿದ್ದೇವೆ.

ಆ ಕಾನೂನಿನ ಹೆಸರು ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007. ಅದರಲ್ಲಿ ಒಳ್ಳೆಯದೂ ಇದೆ, ಇಲ್ಲ ಅನ್ನೋದಿಲ್ಲ. ಅರವತ್ತು ದಾಟಿದವರು ಜೀವನಾಂಶ ಕೇಳಲು ವರ್ಷಗಟ್ಟಲೆ ಸಿವಿಲ್ ಕೋರ್ಟಿಗೆ ಅಲೆಯಬೇಕಾಗಿಲ್ಲ. ಉಪವಿಭಾಗಕ್ಕೊಂದು ನ್ಯಾಯಮಂಡಳಿ, ನಮ್ಮಲ್ಲಿ ಅಸಿಸ್ಟೆಂಟ್ ಕಮಿಷನರೇ ಅದರ ಅಧ್ಯಕ್ಷರು. ವಕೀಲರನ್ನು ಇಟ್ಟುಕೊಳ್ಳುವ ಹಂಗಿಲ್ಲ. ನೋಟಿಸ್ ಹೋದ 90 ದಿನದಲ್ಲಿ ತೀರ್ಮಾನ ಆಗಬೇಕು, ಹೆಚ್ಚೆಂದರೆ ಇನ್ನೊಂದು 30 ದಿನ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಕೊಡು ಅಂದ ದುಡ್ಡು ಕೊಡದಿದ್ದರೆ ಒಂದು ತಿಂಗಳವರೆಗೆ ಜೈಲು. ಹೆತ್ತವರನ್ನು ಎಲ್ಲಾದರೂ ಬಿಟ್ಟು ಓಡಿಹೋದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಗನೇ ಹೊಡೆದು ಹೊರಗೆ ಹಾಕಿದ ತಾಯಿಗೆ ಇದು ನಿಜವಾದ ಆಸರೆ. ಅಂಥವರ ಕೈಯಿಂದ ಈ ಕಾನೂನನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ.

ಆದರೆ ಅದೇ ಕಾಯ್ದೆಯ 19ನೇ ಸೆಕ್ಷನ್ನಿಗೆ ಬನ್ನಿ. ಇದು ಸರ್ಕಾರದ ಪಾಲಿನ ಕೆಲಸ. ದಿಕ್ಕಿಲ್ಲದ ವೃದ್ಧರಿಗಾಗಿ, ಹಂತ ಹಂತವಾಗಿ, ಜಿಲ್ಲೆಗೆ ಕನಿಷ್ಠ ಒಂದರಂತೆ, ಕನಿಷ್ಠ 150 ಜನ ಇರುವಂಥ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು. ಬಹುದು! ಆಮೇಲಿನ ಸೆಕ್ಷನ್ನಿನಲ್ಲಿ ಸರ್ಕಾರಿ ಆಸ್ಪತ್ರೆಗಳ ವಿಷಯ ಬರುತ್ತೆ. ಹಿರಿಯರಿಗೆಲ್ಲ ಹಾಸಿಗೆ ಸಿಗಬೇಕು, ಆದರೆ 'ಸಾಧ್ಯವಾದಷ್ಟು ಮಟ್ಟಿಗೆ'.

ಕನ್ನಡದ ಕಾನೂನು ಭಾಷೆಯಲ್ಲಿ 'ತಕ್ಕದ್ದು' ಮತ್ತು 'ಬಹುದು' ಅನ್ನೋ ಎರಡು ಪದಗಳಿಗೆ ಭೂಮಿ ಆಕಾಶದ ಅಂತರ. ಮಾಡತಕ್ಕದ್ದು ಅಂದರೆ ಮಾಡಲೇಬೇಕು, ಮಾಡದಿದ್ದರೆ ಕೋರ್ಟಿನಲ್ಲಿ ಕೇಳಬಹುದು. ಮಾಡಬಹುದು ಅಂದರೆ ಮನಸ್ಸು ಬಂದರೆ. ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನಲ್ಲಿ 'ಮಸ್ಟ್' ಅಂತ ಬರೆದದ್ದು ಇಲ್ಲದೆ ರಿಲೀಸ್ ಆಗುವುದಿಲ್ಲ. 'ಮೇ' ಅಂತ ಬರೆದದ್ದು ಬ್ಯಾಕ್‌ಲಾಗಿನ ತಳದಲ್ಲಿ ವರ್ಷಗಟ್ಟಲೆ ಕೊಳೆಯುತ್ತೆ. ಈ ಕಾಯ್ದೆಯಲ್ಲಿ ಮಕ್ಕಳ ಪಾಲಿಗೆ ಬಂದಿರೋದು ಮೊದಲನೆಯದು, ಸರ್ಕಾರದ ಪಾಲಿಗೆ ಬಹುಪಾಲು ಎರಡನೆಯದು. 2018ರ ಡಿಸೆಂಬರಿನಲ್ಲಿ, ಮಾಜಿ ಕಾನೂನು ಸಚಿವ ಅಶ್ವನಿ ಕುಮಾರ್ ಹಾಕಿದ್ದ ಅರ್ಜಿಯ ಮೇಲೆ ತೀರ್ಪು ಕೊಡುತ್ತಾ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಅನ್ನೋ ಮಾಹಿತಿಯನ್ನು ರಾಜ್ಯಗಳಿಂದ ಪಡೆದು ತಿಳಿಸಿ ಅಂತ ಕೇಂದ್ರಕ್ಕೆ ಹೇಳಬೇಕಾಯಿತು. ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲೆ ಎಣಿಕೆಯಿಂದಲೇ ಶುರುಮಾಡುವ ಪರಿಸ್ಥಿತಿ.

ಇದು ಕರಡು ಬರೆದವರ ಕೈತಪ್ಪು ಅಂದುಕೊಳ್ಳಬೇಡಿ. ಕಾಯ್ದೆ ಹುಟ್ಟಿದ ಬಗೆಯಲ್ಲೇ ಇದು ಇದೆ. ನಮ್ಮ ಸಂವಿಧಾನದ 41ನೇ ವಿಧಿ, ಮುಪ್ಪು, ಕಾಯಿಲೆ, ಅಂಗವಿಕಲತೆಯಲ್ಲಿ ಸಾರ್ವಜನಿಕ ನೆರವು ಸಿಗುವಂತೆ ನೋಡಿಕೊಳ್ಳುವುದು ರಾಜ್ಯದ ಕೆಲಸ ಅನ್ನುತ್ತೆ. ಆದರೆ ಅದು ನಿರ್ದೇಶಕ ತತ್ವ, 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಅನ್ನೋ ಷರತ್ತು ಬೇರೆ. ಇನ್ನೊಂದು ಕಡೆ, ಮಕ್ಕಳ ಕರ್ತವ್ಯವನ್ನು ಹೇಳುವ ಕಾನೂನುಗಳು ಒಂದರ ಮೇಲೊಂದು ಬಂದವು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ವೃದ್ಧ ತಂದೆ-ತಾಯಿ ಬಂದರು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ನಿನಲ್ಲಿ, ಹೆಂಡತಿ ಮಕ್ಕಳ ಜೊತೆಗೆ ತಂದೆ-ತಾಯಿಯೂ ಸೇರಿದರು. ಮದುವೆಯಾದ ಮಗಳಿಗೂ ಈ ಹೊಣೆ ಇದೆ ಅಂತ 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2001ರಲ್ಲಿ ಹಿಮಾಚಲ ಪ್ರದೇಶ ತನ್ನದೇ ಕಾಯ್ದೆ ಮಾಡಿಕೊಂಡಿತು. ಹೊರಗೆ ಸಿಂಗಪುರ 1995ರಲ್ಲೇ ಇಂಥದ್ದೊಂದು ಮಾಡಿ ತೋರಿಸಿತ್ತು.

2007ರ ಮಸೂದೆ ಮಂಡಿಸುವಾಗ ಸರ್ಕಾರ ಕೊಟ್ಟ ಕಾರಣ ಏನು ಗೊತ್ತಾ? ಭಾರತೀಯ ಸಮಾಜದ ಸಂಪ್ರದಾಯದಲ್ಲಿ ಹಿರಿಯರ ಆರೈಕೆಗೆ ಒತ್ತು ಇತ್ತು, ಅವಿಭಕ್ತ ಕುಟುಂಬ ಕ್ಷೀಣಿಸುತ್ತಿರುವುದರಿಂದ ಈಗ ಬಹಳ ಜನರನ್ನು ನೋಡಿಕೊಳ್ಳುವವರಿಲ್ಲ ಅಂತ. ರೋಗ ಕಂಡುಹಿಡಿದದ್ದು ಸರಿಯಾಗೇ ಇದೆ. ಕೂಡು ಕುಟುಂಬ ಹೋಯಿತು. ಊರಲ್ಲಿದ್ದವರು ಬೆಂಗಳೂರಿಗೆ, ಬೆಂಗಳೂರಲ್ಲಿದ್ದವರು ಹೊರದೇಶಕ್ಕೆ ಹೋದರು. ಮನೆಯಲ್ಲಿ ಎಂಟು ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ಈಗ ಇಬ್ಬರಿದ್ದಾರೆ, ಇಬ್ಬರೂ ದುಡಿಯಲು ಹೋಗುತ್ತಾರೆ. ಹಾಗಿದ್ದ ಮೇಲೆ ಆ ಆರು ಜನರ ಜಾಗವನ್ನು ತುಂಬುವ ವ್ಯವಸ್ಥೆ ಬೇಕು ಅನ್ನೋದು ಸಹಜವಾದ ಮುಂದಿನ ಮಾತು. ಸರ್ಕಾರ ತೆಗೆದುಕೊಂಡ ತೀರ್ಮಾನ ಬೇರೆ. ಉಳಿದ ಇಬ್ಬರಿಗೆ ನೋಟಿಸ್ ಕಳಿಸೋಣ ಅಂತ.

ಇನ್ನೊಂದು ವಿಷಯ ನೋಡಿ. ಈ ಕಾಯ್ದೆ ಸಂಸತ್ತಿನಲ್ಲಿ ಪಾಸಾದದ್ದು 2007ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚಿನ ತಿಂಗಳಷ್ಟೇ ಕೇಂದ್ರದ ವೃದ್ಧಾಪ್ಯ ಪಿಂಚಣಿಗೆ ಇಂದಿರಾ ಗಾಂಧಿಯವರ ಹೆಸರಿಟ್ಟು ವಿಸ್ತರಿಸಲಾಗಿತ್ತು. ಆಗ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಎಂಬತ್ತು ದಾಟದವರಿಗೆ ಕೇಂದ್ರ ಕೊಡುತ್ತಿರುವುದು ಇವತ್ತಿಗೂ ಅದೇ 200. ಎಂಬತ್ತು ದಾಟಿದರೆ 500. ನಮ್ಮ ರಾಜ್ಯ ತನ್ನ ಕೈಯಿಂದ ಸೇರಿಸಿ, ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದ ಬಡವರಿಗೆ 1,200 ಕೊಡುತ್ತೆ. ದಿನಕ್ಕೆ 40 ರೂಪಾಯಿ. ಅಪ್ಪನಿಗೆ ತಿಂಗಳಿಗೆ 200 ರೂಪಾಯಿ ಕಳಿಸುವ ಮಗನನ್ನು ಅಸಿಸ್ಟೆಂಟ್ ಕಮಿಷನರ ಮುಂದೆ ನಿಲ್ಲಿಸಬಹುದು. ಅಷ್ಟೇ ಕಳಿಸುವ ಸರ್ಕಾರವನ್ನು ಯಾರ ಮುಂದೆ ನಿಲ್ಲಿಸೋದು?

ಈಗ ಮುಖ್ಯ ವಿಷಯಕ್ಕೆ ಬರೋಣ. ಆರೈಕೆ ಅಂದರೆ ಏನು? ಕಾಯ್ದೆಯಲ್ಲಿ ಪೋಷಣೆಗೆ ಕೊಟ್ಟಿರುವ ಅರ್ಥ ಊಟ, ಬಟ್ಟೆ, ವಸತಿ, ವೈದ್ಯಕೀಯ ಚಿಕಿತ್ಸೆ. ಇವೆಲ್ಲ ದುಡ್ಡಿನಿಂದ ಬರುವಂಥವು. ಪಾರ್ಶ್ವವಾಯು ಹೊಡೆದವರ, ಮರೆವಿನ ಕಾಯಿಲೆ ಬಂದವರ ಮನೆಯಲ್ಲಿ ಒಂದು ವಾರ ಇದ್ದು ನೋಡಿ. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಡೈಪರ್ ಬದಲಾಯಿಸಬೇಕು. ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ಚಮಚ ಚಮಚವಾಗಿ ತಿನ್ನಿಸಬೇಕು. ಬೆಳಗಿನ ಮಾತ್ರೆ ಯಾವುದು, ರಾತ್ರಿಯದು ಯಾವುದು ನೆನಪಿಟ್ಟುಕೊಳ್ಳಬೇಕು. ಬಾಗಿಲು ತೆಗೆದುಕೊಂಡು ಬೀದಿಗೆ ಹೋಗದಂತೆ ಕಾಯಬೇಕು. ಒಂದೇ ಪ್ರಶ್ನೆಯನ್ನು ನೂರು ಸಲ ಕೇಳಿದರೂ ಉತ್ತರ ಕೊಡಬೇಕು. ಇದು ದುಡಿಮೆ. ಕಲಿತು ಮಾಡಬೇಕಾದ, ಇಪ್ಪತ್ನಾಲ್ಕು ಗಂಟೆಯ, ಮೈಮುರಿಯುವ ದುಡಿಮೆ. ಪ್ರೀತಿ ಇದ್ದರೆ ಇದನ್ನು ಮಾಡಲು ಮನಸ್ಸು ಬರುತ್ತೆ, ನಿಜ. ಆದರೆ ಬರೀ ಪ್ರೀತಿಯಿಂದ ಬೆನ್ನುನೋವು ಹೋಗುವುದಿಲ್ಲ, ಆಫೀಸಿನಲ್ಲಿ ರಜೆ ಸಿಗುವುದಿಲ್ಲ, ಕ್ಯಾತಿಟರ್ ಬದಲಾಯಿಸುವ ವಿದ್ಯೆ ಬರುವುದಿಲ್ಲ.

ಈ ಕೆಲಸದ ಒಂದಂಶವನ್ನೂ ಯಾರಿಂದಲೂ ಮಾಡಿಸುವ ಶಕ್ತಿ ಆ ನ್ಯಾಯಮಂಡಳಿಗಿಲ್ಲ. ಅದು ಕೊಡಿಸಬಲ್ಲದ್ದು ದುಡ್ಡು. ಅದಕ್ಕೂ ಮಿತಿ ಇದೆ, ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚಿಲ್ಲ. ಆ ದುಡ್ಡಿಗೆ ಹಗಲು ರಾತ್ರಿ ನೋಡಿಕೊಳ್ಳುವ ಹೋಮ್ ನರ್ಸ್ ಸಿಗುತ್ತಾರಾ ಅಂತ ಬೆಂಗಳೂರಿನ ಯಾವುದಾದರೂ ಏಜೆನ್ಸಿಗೆ ಫೋನ್ ಮಾಡಿ ಕೇಳಿ. ನಕ್ಕು ಫೋನ್ ಇಡುತ್ತಾರೆ. ಹಳ್ಳಿಯಲ್ಲಾದರೆ ದುಡ್ಡಿದ್ದರೂ ಕಷ್ಟ. ನಾನು ಹುಟ್ಟಿ ಬೆಳೆದಂಥ ಊರುಗಳಲ್ಲಿ ಗದ್ದೆ ಕೆಲಸಕ್ಕೇ ಆಳು ಸಿಗುವುದಿಲ್ಲ, ಇನ್ನು ತರಬೇತಿಯಾದ ಆರೈಕೆದಾರರು ಎಲ್ಲಿಂದ ಬರಬೇಕು?

ಹಾಗಾದರೆ ಇಷ್ಟು ದಿನ ಈ ಕೆಲಸ ಮಾಡಿಕೊಂಡು ಬಂದವರು ಯಾರು? ನಮಗೆಲ್ಲ ಗೊತ್ತಿರುವ ಉತ್ತರ: ಸೊಸೆ. ಕಾಯ್ದೆಯ ಪ್ರಕಾರ 'ಮಕ್ಕಳು' ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಅಲ್ಲಿಲ್ಲ. ಆದರೆ ಅಪ್ಪ-ಅಮ್ಮನ್ನ ನೋಡಿಕೊಳ್ಳುತ್ತೀನಿ ಅಂತ ಮಗ ನ್ಯಾಯಮಂಡಳಿಯಲ್ಲಿ ಒಪ್ಪಿಕೊಂಡು ಬಂದ ಮೇಲೆ, ಬಹುತೇಕ ಮನೆಗಳಲ್ಲಿ ಮಗ್ಗುಲು ಬದಲಿಸುವ ಕೈ ಯಾರದು? ಕೆಲಸ ಬಿಟ್ಟವರು ಯಾರು? ಆಕೆಗೆ ಸಂಬಳವಿಲ್ಲ, ವಾರದ ರಜೆಯಿಲ್ಲ. ಕಾನೂನಿನ ಕಣ್ಣಲ್ಲಿ ಆಕೆ ಈ ಲೆಕ್ಕದಲ್ಲೇ ಇಲ್ಲ.

ಆಕೆ ಲೆಕ್ಕಕ್ಕೆ ಬಂದದ್ದು ಇನ್ನೊಂದು ರೀತಿಯಲ್ಲಿ. ಗಂಡ-ಹೆಂಡತಿ ಜಗಳದಲ್ಲಿ ಸೊಸೆಯನ್ನು ಮನೆಯಿಂದ ಹೊರಗೆ ಹಾಕಲು ಅತ್ತೆ-ಮಾವ ಈ ಕಾಯ್ದೆಯಡಿ ಅರ್ಜಿ ಹಾಕುವುದು ಶುರುವಾಯಿತು. ನಮ್ಮ ಬೆಂಗಳೂರಿನದೇ ಅಂಥದ್ದೊಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರ ಡಿಸೆಂಬರಿನಲ್ಲಿ ಕೋರ್ಟ್, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಗಂಡನ ಮನೆಯಲ್ಲಿ ವಾಸಿಸಲು ಹೆಣ್ಣಿಗಿರುವ ಹಕ್ಕನ್ನು ಹಿರಿಯ ನಾಗರಿಕರ ಕಾಯ್ದೆ ಬಳಸಿ ಸುಮ್ಮನೆ ತಳ್ಳಿಹಾಕುವಂತಿಲ್ಲ ಅಂತ ಹೇಳಬೇಕಾಯಿತು. ಆರೈಕೆಯ ಕಾನೂನು ಕಟ್ಟಕಡೆಗೆ ಮನೆ ಯಾರದು ಅನ್ನೋ ವ್ಯಾಜ್ಯದ ಆಯುಧವಾಯಿತು.

ಆಸ್ತಿಯ 23ನೇ ಸೆಕ್ಷನ್ ಕಥೆಯೂ ಹೀಗೇ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ ರದ್ದು. ಆ ಷರತ್ತು ಪತ್ರದಲ್ಲಿ ಇರಬೇಕು ಅನ್ನೋ ಅರ್ಥದ ತೀರ್ಪು 2022ರಲ್ಲಿ ಬಂತು. ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತ 2025ರ ಜನವರಿಯಲ್ಲಿ ಇನ್ನೊಂದು ತೀರ್ಪು ಬಂತು. ವಕೀಲರಿಗೆ ಇದೆಲ್ಲ ಸ್ವಾರಸ್ಯ. ಆದರೆ ಈ ಸೆಕ್ಷನ್ ಉಪಯೋಗಕ್ಕೆ ಬರಬೇಕಾದರೆ ಮೊದಲು ಆಸ್ತಿ ಇರಬೇಕು. ಜೀವನವಿಡೀ ಕೂಲಿ ಮಾಡಿದ ತಾಯಿ, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಮಗಳು: ಇವರಿಬ್ಬರ ನಡುವೆ ರದ್ದು ಮಾಡಲು ಏನಿದೆ? ಮಗಳ ಸಂಬಳದಿಂದ ಎರಡು ಸಾವಿರ ಕಿತ್ತು ತಾಯಿಗೆ ಕೊಡಿಸಿದರೆ ಬಡತನ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತೆ, ಅಷ್ಟೇ.

ಇದೇ ದಾರಿಯಲ್ಲಿ ಅಸ್ಸಾಂ 2017ರಲ್ಲಿ ಇನ್ನೂ ಮುಂದೆ ಹೋಗಿ, ತಂದೆ-ತಾಯಿಯನ್ನು ನೋಡಿಕೊಳ್ಳದ ಸರ್ಕಾರಿ ನೌಕರರ ಸಂಬಳದಲ್ಲಿ 10 ಪರ್ಸೆಂಟ್ ಹಿಡಿದುಕೊಳ್ಳುವ ಕಾಯ್ದೆ ಮಾಡಿತು. ಕೇಂದ್ರ 2019ರಲ್ಲಿ ತಂದ ತಿದ್ದುಪಡಿ ಮಸೂದೆಯಲ್ಲಿ 10,000ದ ಮಿತಿ ತೆಗೆಯುವ, ಸೊಸೆ-ಅಳಿಯಂದಿರನ್ನೂ 'ಮಕ್ಕಳು' ಅನ್ನೋದಕ್ಕೆ ಸೇರಿಸುವ ಪ್ರಸ್ತಾಪ ಇತ್ತು. ಮನೆಗೇ ಬಂದು ಆರೈಕೆ ಮಾಡುವ ಸಂಸ್ಥೆಗಳ ಮಾತು ಮೊದಲ ಸಲ ಬಂದದ್ದೂ ಅದರಲ್ಲೇ. ಆ ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ಕೊನೆಗೆ 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಅದಕ್ಕಾಗಿ ಯಾರೂ ಟ್ವೀಟ್ ಮಾಡಲಿಲ್ಲ.

"ಇದೆಲ್ಲ ಸರಿ, ಆದ್ರೆ ಹೆತ್ತವರನ್ನ ನೋಡ್ಕೊಳ್ಳೋದು ಮಕ್ಕಳ ಕರ್ತವ್ಯ ಅಲ್ವಾ?" ಅಂತ ನೀವು ಕೇಳುತ್ತೀರಿ. ಹೌದು, ಕರ್ತವ್ಯವೇ. ಪ್ರಶ್ನೆ ಇರೋದು, ಕರ್ತವ್ಯವನ್ನು ಕಾನೂನು ಮಾಡಿಬಿಟ್ಟರೆ ಕೆಲಸ ಆಗುತ್ತಾ ಅಂತ. ಇದನ್ನು ಮುನ್ನೂರೈವತ್ತು ವರ್ಷ ಪರೀಕ್ಷೆ ಮಾಡಿ ನೋಡಿದ ದೇಶ ಒಂದಿದೆ, ಇಂಗ್ಲೆಂಡ್. 1601ರಲ್ಲಿ, ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ ಅಲ್ಲಿ ಬಂದ ಬಡವರ ಕಾನೂನು, ಕೈಲಾಗದ ಬಡವರನ್ನು ಅವರ ತಂದೆ-ತಾಯಿ, ಅಜ್ಜ-ಅಜ್ಜಿ ಮತ್ತು ಮಕ್ಕಳು ಸಾಕಬೇಕು ಅಂತ ಹೇಳಿತ್ತು. ಕುಟುಂಬವೂ ಇಲ್ಲದಿದ್ದರೆ ಊರಿನ ಚರ್ಚಿನ ವ್ಯಾಪ್ತಿಯಲ್ಲಿ ಎತ್ತಿದ ತೆರಿಗೆಯಿಂದ ಒಂದಿಷ್ಟು ನೆರವು. 1834ರಲ್ಲಿ ಇದಕ್ಕೆ ಇನ್ನಷ್ಟು ಬಿಗಿ ಬಂತು. ನೆರವು ಬೇಕಾದರೆ ವರ್ಕ್‌ಹೌಸ್ ಅನ್ನೋ ಜೈಲಿನಂಥ ಮನೆಗೆ ಹೋಗಿ ಸೇರಿ ಅನ್ನೋ ನೀತಿ. ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದು ಮೇಲು ಅನ್ನೋ ಹೆದರಿಕೆ ಬಡ ಮುದುಕರಲ್ಲಿ ತಲೆಮಾರುಗಟ್ಟಲೆ ಇತ್ತು.

ಎರಡನೇ ಮಹಾಯುದ್ಧ ಮುಗಿದು, ದೇಶ ಸಾಲದಲ್ಲಿ ಮುಳುಗಿ, ರೇಷನ್ನಿನಲ್ಲಿ ಬದುಕುತ್ತಿದ್ದಾಗ ಆರೋಗ್ಯ ಸಚಿವ ಅನೈರಿನ್ ಬೆವನ್ ರಾಷ್ಟ್ರೀಯ ನೆರವು ಕಾಯ್ದೆ ತಂದರು. ಹಳೆಯ ಬಡವರ ಕಾನೂನು ಇಲ್ಲಿಗೆ ಮುಗಿಯಿತು ಅಂತ ಸಾರುವುದೇ ಆ ಕಾಯ್ದೆಯ ಮೊದಲ ಕೆಲಸವಾಗಿತ್ತು. 1948ರ ಜುಲೈ 5ರಂದು, ಅವರ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದ ದಿನವೇ, ಅದು ಜಾರಿಗೆ ಬಂತು. ಗಂಡ-ಹೆಂಡತಿ ಒಬ್ಬರನ್ನೊಬ್ಬರು, ತಂದೆ-ತಾಯಿ ಚಿಕ್ಕ ಮಕ್ಕಳನ್ನು ಸಾಕುವ ಹೊಣೆ ಉಳಿಯಿತು. ದೊಡ್ಡವರಾದ ಮಕ್ಕಳು ಹೆತ್ತವರನ್ನು ಸಾಕಬೇಕು ಅನ್ನೋ ಕಾನೂನಿನ ಹೊಣೆ ಹೋಯಿತು. ವಯಸ್ಸು, ಅಶಕ್ತತೆಯಿಂದ ಆರೈಕೆ ಬೇಕಾದವರಿಗೆ ವಸತಿ ಕೊಡುವುದು ಸ್ಥಳೀಯ ಆಡಳಿತದ ಕೆಲಸವಾಯಿತು. 1970ರಲ್ಲಿ ಆಲ್ಫ್ ಮಾರಿಸ್ ಅನ್ನೋ ಸಂಸದ ಖಾಸಗಿ ಮಸೂದೆಯ ಮೂಲಕ, ಅಂಗವಿಕಲರು ತಮ್ಮ ವ್ಯಾಪ್ತಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಸ್ಥಳೀಯ ಆಡಳಿತವೇ ಹುಡುಕಿ ಸೇವೆ ಕೊಡಬೇಕು ಅನ್ನೋ ಕಾಯ್ದೆ ಮಾಡಿಸಿದರು.

ಹೀಗೆ ತುಂಡು ತುಂಡಾಗಿ ಬೆಳೆದ ಕಾನೂನುಗಳನ್ನು ಅಲ್ಲಿನ ಕಾನೂನು ಆಯೋಗ ವರ್ಷಗಟ್ಟಲೆ ಕೂತು ಪರಿಶೀಲಿಸಿ 2011ರಲ್ಲಿ ವರದಿ ಕೊಟ್ಟಿತು. ಅದರಿಂದ ಬಂದದ್ದು 2014ರ ಕೇರ್ ಆ್ಯಕ್ಟ್. ವಯಸ್ಕರೊಬ್ಬರಿಗೆ ಆರೈಕೆ ಬೇಕಾಗಿದೆ ಅಂತ ಕಂಡರೆ, ಅವರ ಹತ್ತಿರ ದುಡ್ಡು ಎಷ್ಟಿದೆ ಅಂತ ನೋಡದೆ, ಅವರಿಗೆ ಏನು ಬೇಕು ಅಂತ ಸ್ಥಳೀಯ ಆಡಳಿತ ಬಂದು ಅಳೆಯತಕ್ಕದ್ದು. ಅವರನ್ನು ನೋಡಿಕೊಳ್ಳುತ್ತಿರುವ ಹೆಂಡತಿಗೋ ಮಗಳಿಗೋ ಏನು ನೆರವು ಬೇಕು ಅಂತಲೂ ಪ್ರತ್ಯೇಕವಾಗಿ ಅಳೆಯತಕ್ಕದ್ದು. ನಮ್ಮ ಸೊಸೆಗೆ ಇಲ್ಲದ ಜಾಗ ಅಲ್ಲಿನ ಕಾನೂನಿನಲ್ಲಿ ಇದೆ.

ಅಲ್ಲಿ ಎಲ್ಲ ಸುಖವಾಗಿದೆ ಅಂತ ಹೇಳುವಷ್ಟು ದಡ್ಡ ನಾನಲ್ಲ. ಇಂಗ್ಲೆಂಡಿನಲ್ಲಿ ಉಳಿತಾಯ, ಆಸ್ತಿ ಸೇರಿ 23,250 ಪೌಂಡಿಗಿಂತ ಹೆಚ್ಚಿದ್ದರೆ ಆರೈಕೆಯ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಆ ಮಿತಿಯನ್ನು 2010ರಿಂದ ಏರಿಸಿಲ್ಲ. ಆರೈಕೆಗಾಗಿ ಮನೆ ಮಾರಿದವರಿದ್ದಾರೆ. ಒಬ್ಬ ವ್ಯಕ್ತಿ ಜೀವಮಾನದಲ್ಲಿ ಆರೈಕೆಗೆ ತೆರಬೇಕಾದ ಹಣಕ್ಕೆ ಮಿತಿ ಹಾಕುತ್ತೇವೆ ಅಂದರು. 72,000 ಪೌಂಡ್, 2016ರಿಂದ ಅಂದರು, ಮುಂದಕ್ಕೆ ಹಾಕಿದರು. ಆಮೇಲೆ 86,000, 2023ರಿಂದ ಅಂದರು, ಮತ್ತೆ ಮುಂದಕ್ಕೆ ಹಾಕಿದರು. 2024ರ ಜುಲೈನಲ್ಲಿ ಹೊಸ ಸರ್ಕಾರ ಅದನ್ನು ಕೈಬಿಟ್ಟೇಬಿಟ್ಟಿತು. ಕಾಗದದಲ್ಲಿ ಹಕ್ಕು ಕೊಟ್ಟು ಖಜಾನೆಯಲ್ಲಿ ದುಡ್ಡಿಡದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಅದೂ ಪಾಠ. ಆದರೂ ಅಲ್ಲಿನ ಒಬ್ಬ ಮಗಳು ಸ್ಥಳೀಯ ಆಡಳಿತದ ಬಾಗಿಲಿಗೆ ಹೋಗಿ, ನನ್ನ ತಾಯಿಗೆ ಏನು ಬೇಕು ಅಂತ ನೀವು ಯಾಕೆ ಬಂದು ನೋಡಿಲ್ಲ ಅಂತ ಕಾನೂನು ತೋರಿಸಿ ಕೇಳಬಹುದು. ಇಲ್ಲಿನ ಮಗಳು ಯಾರನ್ನು ಕೇಳಬೇಕು?

"ಅದು ಪಾಶ್ಚಾತ್ಯರ ಕಥೆ, ನಮ್ಮ ಸಂಸ್ಕೃತಿ ಬೇರೆ" ಅನ್ನೋರಿಗೆ ಜಪಾನ್ ಇದೆ. ಅಲ್ಲೂ ಹಿರಿಮಗನ ಮನೆಯಲ್ಲಿ ಹಿರಿಯರು, ನೋಡಿಕೊಳ್ಳುವವಳು ಸೊಸೆ, ಥೇಟ್ ನಮ್ಮಂತೆಯೇ. ಅಲ್ಲೂ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಹಿರಿಯರು ತಿಂಗಳುಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿಯುವುದು ದೊಡ್ಡ ಸಮಸ್ಯೆಯಾಗಿತ್ತು. ಅದಕ್ಕೊಂದು ಹೆಸರೇ ಇತ್ತು, 'ಸಾಮಾಜಿಕ ದಾಖಲಾತಿ' ಅಂತ. ಅಂದರೆ ಕಾಯಿಲೆಗಲ್ಲ, ದಿಕ್ಕಿಲ್ಲದ್ದಕ್ಕೆ ಅಡ್ಮಿಟ್ ಆಗುವುದು. ನಮ್ಮ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕಂಡದ್ದೂ ಇದನ್ನೇ ಅಲ್ಲವಾ? ಜಪಾನ್ 1997ರಲ್ಲಿ ಆರೈಕೆ ವಿಮೆಯ ಕಾನೂನು ಮಾಡಿ 2000ದ ಏಪ್ರಿಲ್‌ನಿಂದ ಜಾರಿಗೆ ತಂತು. ನಲವತ್ತು ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಅರ್ಧ ಕಂತಿನಿಂದ, ಅರ್ಧ ತೆರಿಗೆಯಿಂದ. ನಗರಾಡಳಿತದವರು ಮನೆಗೆ ಬಂದು ಎಷ್ಟು ಆರೈಕೆ ಬೇಕು ಅಂತ ಅಳೆಯುತ್ತಾರೆ. ಹೆಚ್ಚಿನವರು ಖರ್ಚಿನ ಹತ್ತನೇ ಒಂದು ಭಾಗ ಕೊಟ್ಟರೆ ಸಾಕು, ಮನೆಗೆ ಆರೈಕೆದಾರರು ಬರುತ್ತಾರೆ, ಹಗಲು ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ಕುಟುಂಬಕ್ಕೇ ದುಡ್ಡು ಕೊಟ್ಟುಬಿಡೋಣ ಅನ್ನೋ ಮಾತು ಬಂದಾಗ ಅಲ್ಲಿನ ಮಹಿಳಾ ಸಂಘಟನೆಗಳು ವಿರೋಧಿಸಿದವು. ದುಡ್ಡು ಕೊಟ್ಟರೆ ಸೊಸೆಯನ್ನು ಇನ್ನಷ್ಟು ಗಟ್ಟಿಯಾಗಿ ಹಾಸಿಗೆಯ ಪಕ್ಕಕ್ಕೆ ಕಟ್ಟಿಹಾಕಿದಂತೆ, ನಮಗೆ ಸೇವೆ ಬೇಕು ಅಂದರು. ಸೇವೆಯೇ ಬಂತು. ಜನ ಹೆತ್ತವರನ್ನು ಪ್ರೀತಿಸುವುದನ್ನೇನೂ ಬಿಡಲಿಲ್ಲ.

"ಅವರು ಶ್ರೀಮಂತರು" ಅನ್ನೋದು ಇನ್ನೊಂದು ಮಾತು. ಸರಿ, ಪಕ್ಕದ ಕೇರಳ ನೋಡಿ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಕೆಲವು ವೈದ್ಯರು ನೋವು ಮತ್ತು ಉಪಶಾಮಕ ಆರೈಕೆಯ ಸಂಸ್ಥೆ ಕಟ್ಟಿದರು. ಅದು ಊರಿನ ಸ್ವಯಂಸೇವಕರ ಚಳವಳಿಯಾಗಿ ಬೆಳೆಯಿತು. 2008ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಜ್ಯದ ನೀತಿಯಾಗಿಯೇ ಒಪ್ಪಿಕೊಂಡಿತು. ಪಂಚಾಯಿತಿಗಳು ದುಡ್ಡು ಹಾಕಿದವು, ತರಬೇತಿಯಾದ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬರುವುದು ಶುರುವಾಯಿತು. ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ಕ್ಯಾತಿಟರ್ ಬದಲಾಯಿಸುತ್ತಾರೆ, ಮನೆಯವರಿಗೆ ಕಲಿಸಿಕೊಡುತ್ತಾರೆ. ನಮ್ಮ ಕೊಡಗು, ಮೈಸೂರು, ದಕ್ಷಿಣ ಕನ್ನಡದ ಗಡಿ ದಾಟಿದರೆ ಸಿಗುವ ರಾಜ್ಯ ಇದು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗುವುದಿಲ್ಲ?

ಕಾನೂನಿನ ಮಾದರಿಗೂ ದೂರ ಹೋಗಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ, ಹೆಚ್ಚಿನ ನೆರವು ಬೇಕಾದವರು ಅರ್ಜಿ ಹಾಕಿದರೆ ಒಂದು ಮಂಡಳಿ ಅವರ ಅಗತ್ಯವನ್ನು ಅಳೆಯಬೇಕು ಅನ್ನೋ ವಿಧಾನ ಇದೆ. ಆರೈಕೆದಾರರ ಭತ್ಯೆಯ ಪ್ರಸ್ತಾಪವೂ ಇದೆ. ಜಾರಿ ಹೇಗಿದೆ ಅನ್ನೋದು ಬೇರೆ ಜಗಳ. ಆದರೆ ನಮ್ಮ ಸಂಸತ್ತಿಗೆ ಇಂಥ ಕಾನೂನು ಬರೆಯಲು ಬರುವುದಿಲ್ಲ ಅಂತೇನಿಲ್ಲ. 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು 10.38 ಕೋಟಿ ಇದ್ದರು. ಇಷ್ಟು ಜನರ ವಿಷಯದಲ್ಲಿ ಮಾತ್ರ ಪೆನ್ನು 'ಬಹುದು' ಹತ್ತಿರ ನಿಂತುಬಿಟ್ಟಿದೆ.

ಮೂವತ್ತು ನಲವತ್ತರ ವಯಸ್ಸಿನ, ಒಳ್ಳೆ ಸಂಬಳದ ನಾವು ಈ ಜಗಳಕ್ಕೆ ಬರದೇ ಇರೋದಕ್ಕೆ ಕಾರಣ ಇದೆ. ನಮ್ಮ ಸಮಸ್ಯೆಯನ್ನು ದುಡ್ಡು ಕೊಟ್ಟು ಹೇಗೋ ಬಗೆಹರಿಸಿಕೊಳ್ಳುತ್ತೀವಿ. ಏಜೆನ್ಸಿಯಿಂದ ಹೋಮ್ ನರ್ಸ್, ಹಾಲಿನಲ್ಲೊಂದು ಕ್ಯಾಮೆರಾ, ಮಾತ್ರೆ ನೆನಪಿಸಲು ಆ್ಯಪ್. ಮೇಲಿಂದ ಮೇಲೆ ಊರಿಗೆ ಹೋಗಲಾಗದ ಸಂಕಟ ಇದ್ದೇ ಇರುತ್ತೆ, ಅದನ್ನು ನಮ್ಮದೇ ತಪ್ಪು ಅಂದುಕೊಂಡು ಸುಮ್ಮನಾಗುತ್ತೀವಿ. ನಮ್ಮ ಮನೆಗೆ ಬರುವ ಆ ಹೋಮ್ ನರ್ಸಿಗೂ ಊರಲ್ಲಿ ಒಬ್ಬ ತಾಯಿ ಇದ್ದಾರೆ. ಅವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ. 2007ರ ಕಾನೂನಿನ ಪ್ರಕಾರ ಆಕೆಯೂ ಕರ್ತವ್ಯ ತಪ್ಪಿದ ಮಗಳೇ.

ಹಾಗಾದರೆ ಕೇಳಬೇಕಾದ್ದೇನು? 19ನೇ ಸೆಕ್ಷನ್ನಿನ 'ಬಹುದು' ಹೋಗಿ 'ತಕ್ಕದ್ದು' ಬರಬೇಕು. 150 ಜನರನ್ನು ಒಂದೆಡೆ ತುಂಬುವ ಆಶ್ರಮಕ್ಕಿಂತ ಮೊದಲು, ಗ್ರಾಮ ಪಂಚಾಯಿತಿಗೆ, ನಗರದ ವಾರ್ಡಿಗೆ ಇಷ್ಟು ಅಂತ ಸಂಬಳದ, ತರಬೇತಿಯ ಆರೈಕೆದಾರರು ಬೇಕು. ಹಗಲು ಹೊತ್ತು ಹಿರಿಯರನ್ನು ನೋಡಿಕೊಳ್ಳುವ ಕೇಂದ್ರಗಳು ಬೇಕು. ಅಂಗನವಾಡಿ ಕಟ್ಟಲು ಗೊತ್ತಿರುವ ರಾಜ್ಯಕ್ಕೆ ಇದು ಕಟ್ಟಲು ಗೊತ್ತಿಲ್ಲ ಅನ್ನೋದನ್ನು ನಾನು ನಂಬುವುದಿಲ್ಲ. ಅರ್ಜಿ ಹಾಕಿದವರ ಅಗತ್ಯವನ್ನು ಇಷ್ಟು ದಿನದೊಳಗೆ ಮನೆಗೆ ಬಂದು ಅಳೆಯುವ ಹೊಣೆ ಯಾರದಾದರೂ ಆಗಬೇಕು, ನೋಡಿಕೊಳ್ಳುವವರ ಅಗತ್ಯವನ್ನೂ ಸೇರಿಸಿ. ಕೇಂದ್ರದ 200 ರೂಪಾಯಿ ಏರಬೇಕು. ಜಮೀನಿನ ಮೇಲ್ಮನವಿ, ಚುನಾವಣೆ ಎಲ್ಲದರ ನಡುವೆ ಮುದುಕರ ಅರ್ಜಿ ನೋಡುವ ಅಸಿಸ್ಟೆಂಟ್ ಕಮಿಷನರಿಗೆ, ದುಡ್ಡು ಕೊಡಿಸುವುದರ ಜೊತೆಗೆ ಸೇವೆ ಕೊಡಿಸುವ ಅಧಿಕಾರವೂ ಬೇಕು. ಇದಕ್ಕೆಲ್ಲ ತೆರಿಗೆ ಬೇಕು, ನಮ್ಮಿಂದಲೇ ಬರಬೇಕು. ನಾನಂತೂ ಕೊಡಲು ತಯಾರಿದ್ದೇನೆ, ಏಜೆನ್ಸಿಗೆ ಕೊಡುವುದಕ್ಕಿಂತ ಅದು ಹೆಚ್ಚಾಗಲಾರದು.

ಮುಂದಿನ ಸಲ ಆ 'ಆಸ್ತಿ ವಾಪಸ್' ಫಾರ್ವರ್ಡ್ ಬಂದಾಗ ಒಂದು ಕೆಲಸ ಮಾಡಿ. ಹತ್ತು ರೂಪಾಯಿ ಶುಲ್ಕದ ಜೊತೆ ನಿಮ್ಮ ಜಿಲ್ಲೆಯ ಹಿರಿಯ ನಾಗರಿಕರ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಮೂರೇ ಪ್ರಶ್ನೆ. 19ನೇ ಸೆಕ್ಷನ್ನಿನಡಿ ಸರ್ಕಾರವೇ ನಡೆಸುವ, 150 ಜನರ ವೃದ್ಧಾಶ್ರಮ ಈ ಜಿಲ್ಲೆಯಲ್ಲಿ ಎಲ್ಲಿದೆ? ಅದರಲ್ಲಿ ಇವತ್ತು ಎಷ್ಟು ಜನ ಇದ್ದಾರೆ? ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗಿ ನೋಡಿಕೊಳ್ಳಲು ಕಳೆದ ವರ್ಷ ಎಷ್ಟು ಖರ್ಚು ಮಾಡಿದ್ದೀರಿ? ಬಂದ ಉತ್ತರವನ್ನು ಅದೇ ವಾಟ್ಸಾಪ್ ಗುಂಪಿಗೆ ಹಾಕಿ. ಚಪ್ಪಾಳೆ ಎಷ್ಟು ಬರುತ್ತೆ ನೋಡೋಣ.